ಸತ್ತವರಿಗೆಲ್ಲ ಒಂದೇ ಹಲ್ಲು

ಇಂಥದ್ದನ್ನು ಬರೆಯುವ ಮನುಷ್ಯ ನಾನಲ್ಲ. ಜೇವರ್ಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವನು. ಮೈಮೇಲೆ ದೇವರು ಬರುತ್ತದೆ ಎನ್ನುವವರ ಎದುರು ಕೂತು ವಾದ ಮಾಡಿದ್ದೇನೆ. ಅಂಗೈಯಲ್ಲಿ ಬೂದಿ ಬರಿಸುವುದು ಹೇಗೆಂದು ಮಕ್ಕಳಿಗೆ ಮಾಡಿ ತೋರಿಸಿದ್ದೇನೆ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ಬಂದರೆ, ಅವತ್ತು ಊಟ ಮಾಡಿದ್ದಿರೋ ಇಲ್ಲವೋ ಎಂದು ಮೊದಲು ಕೇಳುತ್ತಿದ್ದೆ. ನೀವು ನನ್ನನ್ನೂ ಅದನ್ನೇ ಕೇಳಬಹುದು. ಊಟ ಮಾಡಿದ್ದೆ. ಮಧ್ಯಾಹ್ನ ಮೂರು ಗಂಟೆ, ಹೊರಗೆ ಕಣ್ಣು ಬಿಡಲಾಗದಂಥ ಬಿಸಿಲು.

ನಿವೃತ್ತನಾದ ಮರುವರ್ಷ ಒಂದು ಸಂಸ್ಥೆಯವರು ನನ್ನನ್ನು ಕರೆದರು. ಕೃತಕ ಬುದ್ಧಿಮತ್ತೆ ಅಂದರೇನು ಎಂದು ಹಳ್ಳಿಯ ಜನರಿಗೆ ಪರಿಚಯಿಸಲು ಅವರು ಒಂದು ಬಸ್ಸು ಸಿದ್ಧ ಮಾಡಿದ್ದರು. ಸೀಟುಗಳನ್ನು ಕಿತ್ತು, ಎರಡೂ ಬದಿಗೆ ಪರದೆಗಳನ್ನು ಕೂಡಿಸಿದ್ದರು. ಜನ ತಾವೇ ಮುಟ್ಟಿ, ಮಾತಾಡಿಸಿ ನೋಡಬೇಕು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಸುತ್ತಬೇಕು. ಇದು ಜಾದೂ ಅಲ್ಲ, ಲೆಕ್ಕ ಎಂದು ನಮ್ಮ ಮಾತಿನಲ್ಲಿ ವಿವರಿಸುವುದು ನನ್ನ ಕೆಲಸ. ಖುಷಿಯಿಂದಲೇ ಒಪ್ಪಿದೆ.

ಮೊದಲ ದಿನ ಕಿಣ್ಣಿ ಸುಲ್ತಾನದಲ್ಲಿ ಚೆನ್ನಾಗಿಯೇ ಆಯಿತು. ತೊಗರಿ ಎಲೆ ತೋರಿಸಿದರೆ ರೋಗದ ಹೆಸರು ಹೇಳುವ ಪರದೆಯ ಮುಂದೆ ರೈತರು ಸಾಲುಗಟ್ಟಿದರು. ಹಿರಿಯರೊಬ್ಬರು ಬೇಕೆಂದೇ ಬೇವಿನೆಲೆ ಹಿಡಿದು ಅದನ್ನು ಮೋಸಗೊಳಿಸಿ, ಇಡೀ ಬಸ್ಸನ್ನು ನಗಿಸಿದರು. ಹೀಗೆ ಮೋಸ ಹೋಗುತ್ತದೆ ಎಂದು ತಿಳಿಯುವುದೇ ಪಾಠ ಎಂದು ನಾನೂ ನಕ್ಕೆ.

ನನಗೆ ಹೇಸಿಗೆ ಹುಟ್ಟಿಸಿದ್ದು ಬಸ್ಸಿನ ಹಿಂದಿನ ತುದಿಯ ಕೊನೆಯ ಪರದೆ. ಅದರ ಕೆಳಗೆ ಫೋಟೊ ಇಟ್ಟರೆ ಫೋಟೊದ ಮುಖ ಕಣ್ಣು ಮಿಟುಕಿಸಿ, ನಕ್ಕು, ಒಂದು ಮಾತು ಹೇಳುತ್ತಿತ್ತು. ಜೀವಂತ ಇರುವವರ ಫೋಟೊ ಇಡಲಿ ಎಂದು ಮಾಡಿದ್ದು. ಜನ ತಂದದ್ದು ಸತ್ತವರ ಫೋಟೊಗಳನ್ನು. ಹಾರ ಬಿಚ್ಚಿ, ಕುಂಕುಮ ಒರೆಸಿ ತರುತ್ತಿದ್ದರು. ಬಾಯಿ ಮುಚ್ಚಿದ ಫೋಟೊಗಳಿಗೆ ಯಂತ್ರವೇ ಹಲ್ಲು ಮಾಡಿ ಕೂಡಿಸಬೇಕಲ್ಲ, ಎಲ್ಲರಿಗೂ ಅದೇ ಬಿಳಿ ಹಲ್ಲಿನ ಸಾಲು. ತೊಂಬತ್ತರ ಮುದುಕಿಗೂ ಅದೇ, ಎಳೆ ಮಗುವಿಗೂ ಅದೇ. ಮೈಗಳು ಒತ್ತಿಕೊಂಡು ನಿಂತ ಆ ಬಸ್ಸಿನಲ್ಲಿ, ಬೆವರು ಮತ್ತು ಫಿನಾಯಿಲ್ ವಾಸನೆಯ ನಡುವೆ, ಆ ಹಲ್ಲುಗಳನ್ನು ನೋಡಿ ನೋಡಿ ಸಂಜೆಗೆ ನನಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಇದನ್ನು ತೆಗೆಯಿರಿ ಎಂದು ಸಂಯೋಜಕ ಕಿರಣನಿಗೆ ಹೇಳಿದೆ. "ಸಾರ್, ಜನ ಬರ್ತಿರೋದೇ ಅದಕ್ಕೆ" ಎಂದ. ಬೆಂಗಳೂರಿನ ಕಡೆಯ ಹುಡುಗ, ಒರಟನಲ್ಲ. ತಾನು ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದೇ ಅವನ ನಂಬಿಕೆ.

ಗೊಬ್ಬೂರದ ಶಾಲೆಯ ಅಂಗಳದಲ್ಲಿ ಬಸ್ಸು ನಿಂತ ದಿನ ಸಿದ್ದಮ್ಮ ಬಂದಳು. ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ, ಮಧ್ಯಾಹ್ನ ನಮಗೂ ಬಡಿಸಿದ್ದಳು. ಪಾತ್ರೆ ತೊಳೆದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ತೀರಿಕೊಂಡ ಅಪ್ಪನ ಫೋಟೊ ಹಿಡಿದು ಹತ್ತಿದಳು.

"ಸರ, ಇದರಾಗ ನಮ್ಮಪ್ಪ ನಗ್ತಾನಂತ, ಖರೇ ಏನ್ರಿ?"

"ನಗೂದು ಮಷಿನ್ ಸಿದ್ದಮ್ಮ, ನಿಮ್ಮಪ್ಪ ಅಲ್ಲ."

"ಅಷ್ಟು ನನಗೂ ತಿಳೀತದರಿ. ನೋಡೂಣು ಅಂತ ಬಂದೀನಿ."

ಫೋಟೊ ಇಟ್ಟು ಗುಂಡಿ ಒತ್ತಿದೆ. ಬಡಕಲು ಮುಖದ ಮುದುಕ ಕಣ್ಣು ಮಿಟುಕಿಸಿದ. ತುಟಿ ತೆರೆಯಿತು, ಅದೇ ಹಲ್ಲುಗಳು. ಸಿದ್ದಮ್ಮ ಮುಖ ಕಿವಿಚಿದಳು.

"ನಮ್ಮಪ್ಪಗ ಮುಂದಿನ ಹಲ್ಲೇ ಇರ್ಲಿಲ್ರಿ. ಇದೇನಿದು ಹೊಲಸು" ಎಂದು ಹೊರಳಿದಳು.

ಆಗ ಪರದೆಯ ಮುದುಕ, "ಈ ಬಾಜೂಕ ಬಾ ಬೇ. ಆ ಕಿವಿ ಕೇಳಂಗಿಲ್ಲ ನನಗ" ಎಂದ.

ಹೊರಳಿದ್ದ ಸಿದ್ದಮ್ಮ ನನ್ನ ಮುಂದೆ ಹಾದು ಪರದೆಯ ಇನ್ನೊಂದು ಬದಿಗೆ ಹೋಗಿ ನಿಂತಳು. ದಿನಾ ಮಾಡಿ ರೂಢಿಯಾದವರು ಮಾಡುವ ಹಾಗೆ, ಯೋಚನೆಯೇ ಇಲ್ಲದೆ. ಸ್ವಲ್ಪ ಬಗ್ಗಿ ಕಾದಳು. ಪರದೆ ಮತ್ತೆ ಮಾತಾಡಲಿಲ್ಲ.

ಆ ಯಂತ್ರದಲ್ಲಿ ಮಾತುಗಳಿದ್ದದ್ದು ಮೂರೇ. ಮೂರೂ ಪುಸ್ತಕದ ಕನ್ನಡದವು, ಮೊದಲೇ ತುಂಬಿಟ್ಟವು. ಆ ಪರದೆಗೆ ಮೈಕು ಇರಲಿಲ್ಲ, ನಮ್ಮ ಮಾತು ಅದಕ್ಕೆ ಕೇಳುವಂತಿರಲಿಲ್ಲ. ಆ ಮಾತನ್ನು ನಾನು ಸ್ಪಷ್ಟವಾಗಿ ಕೇಳಿದ್ದೆ. ಆದರೆ ಇವತ್ತಿಗೂ ನನ್ನನ್ನು ಕಾಡುವುದು ಅದರ ಮರುಗಳಿಗೆಯಲ್ಲಿ ಆದದ್ದು.

ಕಿರಣ ಹಿಂದಿನಿಂದ ಮೊಬೈಲ್ ಹಿಡಿದು ಬಂದ. ಸಿದ್ದಮ್ಮನ ಮುಖ ಅವನಿಗೆ ಹಿಡಿಸಿತ್ತು. "ಸಾರ್, ಇನ್ನೊಂದ್ಸಲ ಒತ್ತಿ, ಆಂಗಲ್ ಸರಿ ಬಂದಿಲ್ಲ" ಎಂದು ಆಕೆಯ ತೋಳು ಹಿಡಿದು ಮೊದಲಿನ ಬದಿಗೇ ತಂದು ನಿಲ್ಲಿಸಿದ. "ಅಮ್ಮ, ಇಲ್ಲಿ ಬೆಳಕು ಚೆನ್ನಾಗಿದೆ. ಅಳು ಬಂದ್ರೆ ತಡ್ಕೋಬೇಡಿ."

ಅವನ ಕೈ ಸರಿಸಬೇಕಿತ್ತು. ಫೋಟೊ ತೆಗೆದು ಆಕೆಗೆ ಕೊಡಬೇಕಿತ್ತು. ನಾನು ಗುಂಡಿ ಒತ್ತಿದೆ. ಮತ್ತೊಮ್ಮೆ ಕೇಳಬೇಕೆಂಬ ಆಸೆ ನನಗೆ ಅವನಿಗಿಂತ ಹೆಚ್ಚಿತ್ತು.

"ನಮಸ್ಕಾರ. ನಾನು ಕ್ಷೇಮವಾಗಿದ್ದೇನೆ. ನೀವೂ ಸಂತೋಷವಾಗಿರಿ" ಎಂದಿತು ಹಲ್ಲು ತೋರಿಸುತ್ತ. ಬಾಗಿಲ ಬಳಿ ನಿಂತಿದ್ದವರು ಚಪ್ಪಾಳೆ ತಟ್ಟಿದರು.

ಸಿದ್ದಮ್ಮ ಫೋಟೊ ಕಿತ್ತುಕೊಂಡು ಇಳಿದು ಹೋದಳು. ಹಿಂದೆಯೇ ಹೋದೆ. ನಳದ ಕೆಳಗೆ ಮುಖ ತೊಳೆಯುತ್ತಿದ್ದಳು. ಕೇಳಿದ್ದಕ್ಕೆ ನಿಧಾನವಾಗಿ ಹೇಳಿದಳು. ಅಪ್ಪ ಕಲ್ಲಿನ ಖಣಿಯಲ್ಲಿ ದುಡಿದವನು. ಮದ್ದು ಸಿಡಿದು ಒಂದು ಕಿವಿ ಹೋಗಿತ್ತು. ಆ ಬದಿಗೆ ನಿಂತು ಯಾರು ಮಾತಾಡಿದರೂ ಬೈಯುತ್ತಿದ್ದ.

"ಯಾರ ಮುಂದರೆ ಹೇಳಿದ್ಯೇನವ್ವ ಇದನ್ನ?"

"ಯಾರಿಗಿ ಹೇಳ್ಲಿರಿ? ಯಾರರ ಕೇಳ್ಯಾರೇನು?"

ಅವತ್ತು ಸಂಜೆ ಕಿರಣನ ಮೊಬೈಲ್ ಇಸಿದುಕೊಂಡು ನೋಡಿದೆ. ಮೊದಲ ಸಲದ ವಿಡಿಯೊವೂ ಅದರಲ್ಲಿತ್ತು. ಮುದುಕನ ತುಟಿಗಳು ಅಲುಗುತ್ತವೆ, ಸಿದ್ದಮ್ಮ ಇನ್ನೊಂದು ಬದಿಗೆ ಹೋಗುತ್ತಾಳೆ. ಕೇಳುವುದು ಜನರೇಟರಿನ ಸದ್ದೊಂದೇ. ತನಗೂ ಏನೂ ಕೇಳಿಸಿರಲಿಲ್ಲ ಎಂದ ಅವನು. ಯಂತ್ರದ ದಾಖಲೆಯಲ್ಲಿ ಎರಡು ಸಲವೂ 'ನಮಸ್ಕಾರ'ದ ಮಾತೇ ಬಂದದ್ದಾಗಿ ಇತ್ತು; ಮೊದಲ ಸಲದ ವಿಡಿಯೊದಲ್ಲಿ ಆ ಮಾತೂ ಇರಲಿಲ್ಲ. ಹಾಗಾದರೆ ಕೇಳಿದವರು ಸಿದ್ದಮ್ಮ ಮತ್ತು ನಾನು, ಇಬ್ಬರೇ. ಇಬ್ಬರಿಗೂ ಒಂದೇ ಭ್ರಮೆ ಹೇಗೆ ಆಯಿತು, ಅದರಲ್ಲೂ ಆ ಮುದುಕನ ಕಿವಿಯ ಸುದ್ದಿಯೇ ಗೊತ್ತಿರದ ನನಗೆ? ಯೋಚಿಸಿ ಯೋಚಿಸಿ ಬಿಟ್ಟಿದ್ದೇನೆ.

ಮುಂದಿನ ವಾರ ಮಣ್ಣೂರದಲ್ಲಿ ಬಸ್ಸಿನ ಮೇಲೆ ಹೊಸ ಬ್ಯಾನರ್ ಏರಿತ್ತು. 'ಅಗಲಿದವರು ನಿಮ್ಮೊಂದಿಗೆ ಮಾತಾಡುತ್ತಾರೆ' ಎಂದು ಬರೆದು, ಸಿದ್ದಮ್ಮನ ಮುಖ ದೊಡ್ಡದಾಗಿ ಹಾಕಿದ್ದರು. ಕಿರಣನಿಗೆ ಕೆಲಸ ಬಿಟ್ಟೆ ಎಂದಷ್ಟೇ ಹೇಳಿ ಜೇವರ್ಗಿಗೆ ಬಂದುಬಿಟ್ಟೆ. ಆಮೇಲೆ ಆಕೆಯ ಮುಖವನ್ನು ತೆಗೆಸಲು ಮೂರು ಸಲ ಫೋನ್ ಮಾಡಿ, ಕೊನೆಗೆ ಪತ್ರ ಬರೆದು ಬೆದರಿಸಬೇಕಾಯಿತು.

ಬ್ಯಾನರ್ ಇಳಿಸಿದ್ದಾರೆ ಎಂದು ಹೇಳಲು ಗೊಬ್ಬೂರಕ್ಕೆ ಹೋದೆ. ಸಿದ್ದಮ್ಮ ಅಕ್ಕಿ ಹಸನು ಮಾಡುತ್ತಿದ್ದಳು. ಬ್ಯಾನರಿನ ಮಾತು ಆಕೆಯ ತಲೆಗೆ ಹೋಗಲೇ ಇಲ್ಲ.

"ಸರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಫೋಟೊ ಅದರೊಳಗ ಇನ್ನೂ ಅದ ಏನ್ರಿ?"

"ಅಳಿಸ್ಯಾರವ್ವ" ಎಂದೆ. ಅಳಿಸಿದ್ದಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಆಕೆ ಮೊರ ಕೆಳಗಿಟ್ಟಳು. "ಅಳಿಸೂ ಹೊತ್ತಿಗಿ ನಮ್ಮಪ್ಪಗ ತಿಳಿದಿರ್ತದೇನ್ರಿ?"

ಇಪ್ಪತ್ತೆಂಟು ವರ್ಷ ಇಂಥ ಪ್ರಶ್ನೆಗಳಿಗೆ ಕೇಳಿದ ಕೂಡಲೇ ಉತ್ತರ ಕೊಟ್ಟವನು ನಾನು. ಬಗ್ಗಿ, ಮೊರದ ಅಕ್ಕಿಯಲ್ಲಿದ್ದ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟೆ. ಸಿದ್ದಮ್ಮ ಮತ್ತೆ ಮೊರ ಎತ್ತಿಕೊಂಡಳು.