ಗುಡ್ಡದ ಬುಡಕ್ಕೆ ಎಳೆದ ಗೆರೆ

ಬೆಳಗಿನ ಆರು ಗಂಟೆ. ಔಷಧ ಕಾರ್ಖಾನೆಯ ಪರೀಕ್ಷಾ ಕೊಠಡಿಯಲ್ಲಿ ಹಿರಿಯ ಪರೀಕ್ಷಕಿ ಒಬ್ಬರೇ ಇದ್ದಾರೆ. ಯಂತ್ರದಲ್ಲಿ ದ್ರಾವಣ ಹರಿಯಲು ಬಿಟ್ಟು, ಪರದೆಯ ಮೇಲಿನ ಗೆರೆ ನೆಟ್ಟಗಾಗಲಿ ಎಂದು ಕಾಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕುರ್ಚಿ. "ಗೆರೆ ನೋಡೋಕೂ ಸಂಬಳ ಕೊಡ್ತಾರಾ?" ಎಂದು ಗಂಡ ಇವತ್ತಿಗೂ ಕಾಲೆಳೆಯುತ್ತಾರೆ.

ಔಷಧದಲ್ಲಿ ಏನೇನು ಬೆರೆತಿದೆಯೋ ಅದನ್ನೆಲ್ಲ ಯಂತ್ರ ಒಂದೊಂದಾಗಿ ಬಿಡಿಸುತ್ತದೆ. ಒಂದೊಂದಕ್ಕೂ ಪರದೆಯಲ್ಲಿ ಒಂದು ಗುಡ್ಡ ಏಳುತ್ತದೆ. ಸಾಫ್ಟ್‌ವೇರ್ ಅದರ ಬುಡಕ್ಕೊಂದು ಗೆರೆ ಎಳೆದು, ಮೇಲಿನ ಭಾಗವನ್ನು ಅಳೆಯುತ್ತದೆ. ಗುಡ್ಡ ಎಷ್ಟು ದೊಡ್ಡದೋ ಪದಾರ್ಥ ಅಷ್ಟು ಹೆಚ್ಚು. ದಿನಕ್ಕೆ ಇಂಥ ನಲವತ್ತು ಚಿತ್ರ ನೋಡಬೇಕು. ದೊಡ್ಡ ಗುಡ್ಡದ ಇಳಿಜಾರಿನಲ್ಲೇ ಕಲ್ಮಶದ ಪುಟ್ಟ ಗುಡ್ಡ ಕೂತುಬಿಟ್ಟರೆ ಫಜೀತಿ. ಬುಡ ಎಲ್ಲಿ ಎಂದು ಸಾಫ್ಟ್‌ವೇರೂ ತಡಬಡಾಯಿಸುತ್ತದೆ. ಆಗ ಮೌಸ್ ಹಿಡಿದು ಕೈಯಾರೆ ಗೆರೆ ಎಳೆಯಬಹುದು. ಅದು ಕೂದಲೆಳೆಯಷ್ಟು ಮೇಲೇರಿದರೂ ಕಲ್ಮಶ ಕಡಿಮೆ ಎಂದು ಕಾಣುತ್ತದೆ.

ಕಳೆದ ವರ್ಷ ಇವರು ಮಾಡಿದ್ದು ಅದನ್ನೇ. ಮಕ್ಕಳ ಜ್ವರದ ಸಿರಪ್ಪು. ಸಾಫ್ಟ್‌ವೇರ್ ಎಳೆದ ಗೆರೆಯಲ್ಲಿ ಕಲ್ಮಶ ಮಿತಿ ದಾಟಿತ್ತು. "ಅನುಭವದ ಜಂಬ ಕಣ್ರೀ. ಯಂತ್ರಕ್ಕೇನು ಗೊತ್ತು ಅಂತ ಗೆರೆ ಎತ್ತಿಬಿಟ್ಟೆ. ಪಾಸಾಯ್ತು. ಈಗ ಮುಖ ಎಲ್ಲಿಡಲಿ ಹೇಳಿ!" ಎಂದು ನಮ್ಮ ಪತ್ರಿಕೆಯ ಮುಂದೆ ಹೇಳಿಕೊಳ್ಳುತ್ತಾರೆ.

ಅದೇ ಸಿರಪ್ಪನ್ನು ನಿಯಮದಂತೆ ಪಕ್ಕದ ಮೇಜಿನ ಹುಡುಗಿ ಇನ್ನೊಮ್ಮೆ ಪರೀಕ್ಷಿಸಿದಳು. ದಪ್ಪ ಕನ್ನಡಕದವಳು, ಎಲ್ಲರ ಬಾಯಲ್ಲೂ 'ಸೋಡಾಬುಡ್ಡಿ'. ಅವಳು ಗೆರೆ ಮುಟ್ಟಲಿಲ್ಲ, ಸಿರಪ್ಪು ಫೇಲಾಯಿತು. ವಿಭಾಗದ ಸಾಹೇಬರು ಎರಡೂ ಫಲಿತಾಂಶದ ಕಾಗದ ಅಕ್ಕಪಕ್ಕ ಇಟ್ಟು, "ಹಿರಿಯರದು ಸರಿ ಬಂದಿದೆ, ನಿನ್ನ ಕೈಯೇ ಸರಿಯಿಲ್ಲ" ಎಂದು ಎಲ್ಲರೆದುರು ಗದರಿ, ಅವಳನ್ನು ಗಾಜಿನ ಸಾಮಾನು ತೊಳೆಯಲು ಹಾಕಿದರು. ಅವಳು ಬಾಟಲಿ ತೊಳೆಯುವ ಸದ್ದು ಕೇಳುತ್ತ ಇವರು ನಾಲ್ಕು ದಿನ ಡಬ್ಬಿಯ ಊಟ ಮುಗಿಸಿದರು.

ಐದನೆಯ ದಿನ, ಪೆಟ್ಟಿಗೆಗಳು ಲಾರಿ ಹತ್ತುವ ಮುಂಚೆ, ಸಾಹೇಬರ ಎದುರು ಕಂಪ್ಯೂಟರ್ ತೆರೆದರು. ಹಳೆಯ ಗೆರೆ, ಹೊಸ ಗೆರೆ, ಎಳೆದವರ ಹೆಸರು ಎಲ್ಲವನ್ನೂ ಸಾಫ್ಟ್‌ವೇರ್ ಇಟ್ಟುಕೊಂಡಿರುತ್ತದೆ. ಯಾರೂ ತೆಗೆದು ನೋಡಿರಲಿಲ್ಲ, ಅಷ್ಟೇ. "ತಪ್ಪು ಅವಳದಲ್ಲ ಸರ್, ನಂದು" ಎಂದರು. ಸಿರಪ್ಪು ನಿಂತಿತು. ಇವರ ಬಡ್ತಿಯೂ ನಿಂತಿತು.

ಈಗ ತಮ್ಮ ಪ್ರತಿಯೊಂದು ಗೆರೆಯನ್ನೂ ಆ ಹುಡುಗಿಗೆ ತೋರಿಸಿಯೇ ಸಹಿ ಹಾಕುತ್ತಾರೆ. ಅವಳು ಬಗ್ಗಿ ನೋಡಿ, "ಸರಿ ಇದೆ ಮೇಡಂ" ಎಂದು ಪಕ್ಕದ ತನ್ನ ಮೇಜಿಗೆ ಹೋಗುತ್ತಾಳೆ.

"ಪೇಪರಲ್ಲಿ ನನ್ನ ಹೊಗಳಬೇಡಿ, ನಾಚಿಕೆಯಾಗುತ್ತೆ" ಎನ್ನುತ್ತಾರೆ. "ಮೊದಲೆಲ್ಲ ಅವಳು ನನ್ನ ಅಕ್ಕಾ ಅಂತಿದ್ಲು. ಇನ್ನೊಂದ್ಸಲ ಹಾಗಂದ್ರೆ ಸಾಕು. ಕೇಳೋಕೆ ಮಾತ್ರ ಬಾಯಿಲ್ಲ ನಂಗೆ."