ಎಣಿಕೆಯ ಹೊತ್ತು

ನನ್ನ ಲಾಂಡ್ರಿಗೆ ಇಸ್ತ್ರಿ ಮಾಡಲು ಒಬ್ಬ ಬೇಕಿತ್ತು. ಜೈಲಿನಿಂದ ಬಿಡುಗಡೆಯಾದವರ ಬದುಕಿನ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರು ಇವನನ್ನು ಕರೆತಂದರು. ಕೊಲೆಯೋ ಕಳ್ಳತನವೋ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ನನಗೇ ನಿದ್ದೆ ಬರುತ್ತಿರಲಿಲ್ಲ, ನನ್ನ ಧೈರ್ಯ ನನಗೆ ಗೊತ್ತು.

ಕೆಲಸದಲ್ಲಿ ಎತ್ತಿದ ಕೈ. ಆದರೂ ಮೊದಲ ಸಂಜೆಯೇ ವಕೀಲರೊಬ್ಬರ ಬಿಳಿ ಅಂಗಿ ಸುಟ್ಟ. ಹಿಂದಿನ ಬೀದಿಯ ಕಾರ್ಖಾನೆಯಲ್ಲಿ ಪಾಳಿ ಮುಗಿದ ಸೈರನ್ ಊದಿತು. ಇವನು ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು, ಕೈ ಇಳಿಬಿಟ್ಟು ನೆಟ್ಟಗೆ ನಿಂತುಬಿಟ್ಟ. ಹೊಗೆ ಎದ್ದಿತು. ಬಾಯಿಗೆ ಬಂದಂತೆ ಬೈದೆ. ಗೋಡೆಗೆ ಬೈದ ಹಾಗಾಯಿತು. ಬಹಳ ಹೊತ್ತಿನ ಮೇಲೆ ಅವನ ಬಾಯಿಂದ ಮಾತು ಹೊರಟಿತು.

"ಎಣಿಕೆ ಹೊತ್ತು ಯಜಮಾನ್ರೇ. ಒಳಗೆ ಸಂಜೆ ಸೈರನ್ ಊದಿದ್ರೆ ಅಲ್ಲಾಡಬಾರದು, ಮಾತಾಡಬಾರದು. ಎಲ್ಲರನ್ನೂ ಎಣಿಸಿ 'ಸರಿಯಿದೆ' ಅಂತ ಕೂಗೋವರೆಗೂ ನಿಂತಿರ್ಬೇಕು. ನಾನು ಬೇಕಂತ ನಿಲ್ಲಲ್ಲ, ಮೈ ನಿಂತುಬಿಡುತ್ತೆ."

ಅಂದಿನಿಂದ ಸಂಜೆಯಾದರೆ ಅವನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಸಿದುಕೊಂಡು, ಸೈರನ್ ನಿಂತ ಕೂಡಲೇ "ಸರಿಯಿದೆ!" ಎಂದು ಕೂಗುವುದು ನನ್ನ ಪಾಲಿಗೆ ಬಂತು. ತಕ್ಷಣ ಅವನ ಭುಜ ಸಡಿಲವಾಗುತ್ತಿತ್ತು. "ಸಂಬಳ ಕೊಡೋದೂ ನಾನೇ, ಕಾವಲು ಕಾಯೋದೂ ನಾನೇ" ಎಂದು ರೇಗಿಸಿದರೆ ನಗುತ್ತಿದ್ದ.

ಹೊರಗೆ ಬಂದ ಮೇಲೆ ಏನು ಕಷ್ಟ ಎಂದು ಮೇಡಂ ಒಮ್ಮೆ ಕೇಳಿದರು. ಕೆಲಸ, ಬಾಡಿಗೆ ಮನೆ ಅಂತ ಏನಾದರೂ ಹೇಳುತ್ತಾನೆ ಎಂದುಕೊಂಡೆ.

"ಅಲ್ಲಿ ಒಬ್ಬ ಕಮ್ಮಿಯಾದ್ರೆ ಇಡೀ ಜೈಲೇ ಹುಡುಕೋಕೆ ನಿಲ್ತಿತ್ತು ಮೇಡಂ. ಇಲ್ಲಿ ನಾನು ಇದ್ರೂ ಇಲ್ಲದಿದ್ರೂ ಯಾರಿಗೂ ಲೆಕ್ಕ ತಪ್ಪಲ್ಲ."



ಅವನಿಗಿದ್ದವಳು ಮಗಳೊಬ್ಬಳೇ. ತಾಯಿ ಸತ್ತ ಮೇಲೆ ಸೋದರಮಾವನ ಮನೆಯಲ್ಲಿ ಬೆಳೆದು ಈಗ ನರ್ಸ್ ಆಗಿದ್ದಳು. ಭಾನುವಾರ ಮಧ್ಯಾಹ್ನ ಬರುತ್ತೇನೆ, ಒಂದು ಸಲ ನೋಡಿ ಆಮೇಲೆ ಯೋಚಿಸುತ್ತೇನೆ ಎಂದು ಹೇಳಿಕಳಿಸಿದಳು. ಇವನು ಲಾಂಡ್ರಿಯ ಪಕ್ಕದ ಓಣಿಯಲ್ಲಿದ್ದ ತನ್ನ ಬಾಡಿಗೆ ಕೋಣೆಗೆ ಸುಣ್ಣ ಬಳಿದ. ಎರಡನೇ ಕುರ್ಚಿ ಕೊಂಡ. ಅವಳ ಎದುರು ಮೊದಲು ಏನು ಮಾತಾಡಬೇಕೆಂದು ವಾರವಿಡೀ ನನ್ನ ತಲೆ ತಿಂದ.

ಸೋಮವಾರ ಬಂದಾಗ ಮುಖ ಕಪ್ಪಿಟ್ಟಿತ್ತು.

"ಬಸ್ಸು ತಡ ಆಯ್ತೋ ಏನೋ, ಸಂಜೆ ಬಂದ್ಲು. ಕಾರ್ಖಾನೆಗೆ ಭಾನುವಾರವೂ ರಜ ಇಲ್ಲ, ಆಗಷ್ಟೇ ಸೈರನ್ ಊದಿತ್ತು. ಬಾಗಿಲು ತಟ್ಟಿದ್ಲು, ಅಪ್ಪಾ ಅಂದ್ಲು. ನಾನು ಒಳಗೇ ನಿಂತಿದ್ದೆ. ಬಾಗಿಲು ಎರಡು ಹೆಜ್ಜೆ ಯಜಮಾನ್ರೇ. ಆಮೇಲೆ ಓಡಿ ಹೋಗಿ ನೋಡಿದ್ರೆ ಬೀದೀಲಿ ಯಾರೂ ಇಲ್ಲ."

ಅವನ ಕೈಯಿಂದ ನಂಬರ್ ತೆಗೆದುಕೊಂಡು ನಾನೇ ಫೋನ್ ಮಾಡಿದೆ. ಸೈರನ್, ಎಣಿಕೆ, ಸುಟ್ಟ ಅಂಗಿ, ಎಲ್ಲ ಹೇಳಿದೆ. ಹುಡುಗಿ ಸಮಾಧಾನದಿಂದಲೇ ಕೇಳಿದಳು.

"ಬಾಗಿಲ ಸಂದೀಲಿ ಅವರ ಕಾಲು ಕಾಣ್ತಿತ್ತು ಅಂಕಲ್," ಎಂದಳು. "ನೀವು ಹೇಳೋದು ನಿಜಾನೇ ಇರ್ಬಹುದು. ಆದ್ರೆ ಚಿಕ್ಕೋಳಿದ್ದಾಗಿಂದ ಕರೀತಾನೇ ಇದ್ದೀನಿ. ಇನ್ನು ನನ್ನ ಕೈಲಾಗಲ್ಲ."

ಅವನು ಪಕ್ಕದಲ್ಲೇ ನಿಂತಿದ್ದ. "ಏನಂದ್ಲು?"

"ಡ್ಯೂಟೀಲಿದ್ದಾಳೆ. ಆಮೇಲೆ ಮಾಡ್ತಾಳಂತೆ," ಎಂದೆ.

ನನ್ನ ಮುಖ ನೋಡಿದ. ಅಂಗಿಯೊಂದನ್ನು ಹಾಸಿಕೊಂಡ.

ಅಂದು ಸಂಜೆ ಇಸ್ತ್ರಿಪೆಟ್ಟಿಗೆಗೆ ಕೈ ಚಾಚಿದರೆ ಅವನು ಕೊಡಲಿಲ್ಲ. ಸೈರನ್ ಊದಿದಾಗ ನಿಲ್ಲಲೂ ಇಲ್ಲ. ಹಲ್ಲು ಕಚ್ಚಿ, ಬೆವರುತ್ತ, ಇಸ್ತ್ರಿಪೆಟ್ಟಿಗೆ ತಳ್ಳುತ್ತಲೇ ಇದ್ದ.