ನದಿ ದಾಟದ ಸೊಳ್ಳೆಗಳು

ನನ್ನ ಕೆಲಸ ಏನು ಅಂತ ಊರಲ್ಲಿ ಯಾರಿಗೂ ಅರ್ಥ ಮಾಡಿಸಲು ನನ್ನಿಂದ ಆಗಿಲ್ಲ. ಪುಣೆಯ ಶಿವಾಜಿನಗರದ ಒಂದು ಮೂರನೇ ಮಹಡಿಯಲ್ಲಿ ಕೂತು, ನಾನು ಯಾವತ್ತೂ ಕಾಲಿಡದ ಈಶಾನ್ಯದ ಗಡಿಯಲ್ಲಿ ಮಲೇರಿಯಾ ಯಾವ ಹಳ್ಳಿಯಿಂದ ಯಾವ ಹಳ್ಳಿಗೆ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತೇನೆ. ಕೆಳಗಿನ ಹೋಟೆಲಿನ ಕುಂದಾಪುರದ ಯಜಮಾನರು ಇದನ್ನು ಕೇಳಿ, "ಎಂತ ಮಾರಾಯಾ, ಸೊಳ್ಳೆ ಹಿಂದೆ ತಿರ್ಗೂಕೆ ಸಂಬ್ಳವಾ?" ಎಂದಿದ್ದರು. ನಾನು ಅವರದೇ ದನಿಯಲ್ಲಿ, "ತಿರ್ಗೂದಿಲ್ಲ ಮಾರಾಯ್ರೆ, ಕೂತಲ್ಲೇ" ಎಂದೆ. ಅಂದಿನಿಂದ ನನ್ನ ಚಹಾ ಸ್ವಲ್ಪ ತಡವಾಗಿ ಬರುತ್ತದೆ.

ಬೇರೆಯವರ ದನಿ ತೆಗೆದು ಅಣಕಿಸುವುದು ನನ್ನ ಚಟ. ಆಫೀಸಿನಲ್ಲಿ ಇದಕ್ಕೆ ಹೆಚ್ಚು ಬಲಿಯಾಗುವವರು ನಮ್ಮ ಮೇಡಂ. ವಿಜಯಪುರದ ಕಡೆಯವರು, ಕೆಲಸಕ್ಕೆ ಮರಾಠಿ, ಬೈಯಲು ಕನ್ನಡ. ಎರಡನೆಯವರು ಗಡಿಯಾಚೆಯ ದೇಶದ ಆರೋಗ್ಯಾಧಿಕಾರಿ, ವಾರಕ್ಕೊಮ್ಮೆ ವಿಡಿಯೋದಲ್ಲಿ ಬರುವವರು. ಅವರ ಹಿಂದಿ ಎಷ್ಟು ಮೆತ್ತಗೆ ಅಂದರೆ, ಅವರು ಬೈದರೂ ನಾವು ಧನ್ಯವಾದ ಹೇಳಿಬಿಡುತ್ತೇವೆ.

ಆ ಮಂಗಳವಾರದ ಮೀಟಿಂಗು ಸಾಮಾನ್ಯದ್ದಲ್ಲ. ಮಳೆಗಾಲಕ್ಕೆ ಮೊದಲು ಗಡಿಯ ಎರಡೂ ಬದಿಗೆ ಸೊಳ್ಳೆಪರದೆ ಹೋಗಬೇಕಿತ್ತು. ಇದ್ದದ್ದು ಎಲ್ಲರಿಗೂ ಸಾಲುವಷ್ಟಲ್ಲ. ನಮ್ಮ ನಕ್ಷೆಯಲ್ಲಿ ಎಲ್ಲಿ ಮಲೇರಿಯಾದ ಕೆಂಪೋ ಅಲ್ಲಿಗೆ ಕಳಿಸುವುದು. ಬಿಳಿ ಇದ್ದ ಹಳ್ಳಿಗೆ ಈ ವರ್ಷ ಇಲ್ಲ.

ಮೇಡಂ ನಕ್ಷೆ ತೆರೆದರು. ನದಿಯೇ ಗಡಿ. ಈಚೆ ದಡ ಹಣ್ಣಾದ ಟೊಮೆಟೊ. ಆಚೆ ದಡ ಒಗೆದು ಹರವಿದ ಪಂಚೆ.

"ನಕ್ಷೆ ಬಹಳ ಸುಂದರವಾಗಿದೆ," ಎಂದರು ಅಧಿಕಾರಿ. "ನಿಮ್ಮ ಸೊಳ್ಳೆಗಳು ನದಿಯ ತನಕ ಬಂದು, ಪಾಸ್‌ಪೋರ್ಟ್ ಇಲ್ಲವೆಂದು ವಾಪಸ್ ಹೋಗುತ್ತವೆಯೇ?"

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ.

"ನಮ್ಮ ದಡದಲ್ಲಿ ಐದು ಹಳ್ಳಿಗಳಿವೆ," ಎಂದರು ಅವರು. "ಎರಡೂ ದಡದವರು ಹೋಗುವುದು ಒಂದೇ ಸಂತೆಗೆ."

ಮೇಡಂ ಮೈಕ್ ಮುಚ್ಚಿ ನನ್ನ ಕಡೆ ತಿರುಗಿದರು. "ಏನೋ ತಮ್ಮಾ, ಇದು ಹೆಂಗ?"

ಹೆಂಗ ಅಂತ ನನಗೆ ಅಷ್ಟರಲ್ಲಿ ಹೊಳೆದಿತ್ತು. ಹಿಂದಿನ ಶುಕ್ರವಾರ, ಆಚೆ ಕಡೆಯಿಂದ ಬಂದ ರೋಗಿಗಳ ಲೆಕ್ಕದ ಪಟ್ಟಿಯಲ್ಲಿ ಎಷ್ಟೋ ವಾರಗಳ ಚೌಕ ಖಾಲಿ ಇತ್ತು. ಖಾಲಿ ಚೌಕ ಕಂಡರೆ, ಲೆಕ್ಕ ಹಾಕಿ ನಕ್ಷೆಗೆ ಬಣ್ಣ ತುಂಬುವ ನಮ್ಮ ಕಂಪ್ಯೂಟರ್ ಮಾಡೆಲ್ ಮೊಂಡ ಎತ್ತಿನ ಹಾಗೆ ಕೂತುಬಿಡುತ್ತದೆ. ಸಂಜೆ ಆರಕ್ಕೆ ಸ್ವಾರಗೇಟ್ ನಿಲ್ದಾಣದಿಂದ ನನ್ನ ಬಸ್ಸು. ಊರಲ್ಲಿ ಅಕ್ಕನ ಮಗುವಿನ ನಾಮಕರಣ. ಐದೂಕಾಲಿಗೆ ಒಂದೇ ಏಟಿಗೆ ಎಲ್ಲ ಖಾಲಿ ಚೌಕಕ್ಕೂ ಸೊನ್ನೆ ತುಂಬಿದೆ. ಮಾಡೆಲ್ ಎದ್ದು ಓಡಿತು. ನಾನೂ ಓಡಿದೆ.

ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಬಹುದಿತ್ತು. ಅದಕ್ಕೆ ಬೇಕಾದ ವಿಜ್ಞಾನಿಯ ದನಿಯೂ ನನ್ನ ಬಳಿ ಇದೆ, "ಕೆಲವು ತಾಂತ್ರಿಕ ಮಿತಿಗಳಿಂದಾಗಿ" ಎಂದು ಶುರುವಾಗುವಂಥದ್ದು. ಬಾಯಿ ತೆರೆದರೆ ಅದು ಬರಲೇ ಇಲ್ಲ. ಬಂದದ್ದು ನನ್ನದೇ ಗಂಟಲು, ಅದೂ ಕೀರಲಾಗಿ.

"ಸೊನ್ನೆ ನಾನೇ ಹಾಕಿದ್ದು ಮೇಡಂ. ಖಾಲಿ ಇದ್ದ ಕಡೆಗೆಲ್ಲ."

"ಖಾಲಿ ಯಾಕದ ಅಂತ ಕೇಳಿದೇನು?"

"ಇಲ್ಲ."

"ಈಗ ಕೇಳು. ನನಗಲ್ಲ, ಅವರಿಗೆ." ಮೈಕ್ ತೆರೆದೇಬಿಟ್ಟರು.

ಕೇಳಿದೆ. ಮಳೆ ಜೋರಾದ ವಾರಗಳಲ್ಲಿ ಅಲ್ಲಿ ಗುಡ್ಡದ ದಾರಿ ಕುಸಿಯುತ್ತದಂತೆ. ಆ ಐದೂ ಹಳ್ಳಿಗಳ ಆರೋಗ್ಯ ಕಾರ್ಯಕರ್ತೆಗೆ ರೋಗಿಗಳ ಚೀಟಿ ಕಚೇರಿಗೆ ಮುಟ್ಟಿಸಲು ಆಗುವುದಿಲ್ಲವಂತೆ. ಜ್ವರ ಹೆಚ್ಚುವುದೂ ಅದೇ ವಾರಗಳಲ್ಲಿ. ನಾನು ಸೊನ್ನೆಯ ಕಥೆ ಒಪ್ಪಿಸಿದೆ.

"ನಿಮ್ಮ ಪುಣೆಯಲ್ಲಿ ಚೀಟಿ ಬರದಿದ್ದರೆ ಜ್ವರವೂ ಬರುವುದಿಲ್ಲವೇ?" ಎಂದರು ಅಧಿಕಾರಿ, ಮೆತ್ತಗೆ.

ಧನ್ಯವಾದ ಹೇಳಿಬಿಟ್ಟೆ.

ತಪ್ಪು ನಮ್ಮದು ಎಂದು ಮೇಡಂ ನಕ್ಷೆ ಸರಿಪಡಿಸಲು ಎರಡು ದಿನದ ಸಮಯ ಕೇಳಿಕೊಂಡರು. ನಮ್ಮದು ಎಂದರು, ಇವನದು ಎನ್ನಲಿಲ್ಲ. ಕರೆ ಮುಗಿದ ಮೇಲೆ ಮಾತ್ರ, "ಎಲ್ಲಾರ ದನಿ ಭಾಳ ಛಲೋ ತಗೀತಿ. ಒಬ್ಬರಿಗೆ ಒಂದು ಮಾತು ಕೇಳಾಕ ಏನಾಗಿತ್ತು?" ಎಂದರು. ಆ ವಾಕ್ಯವನ್ನು ಅನುಕರಿಸುವ ಧೈರ್ಯ ನನಗಿನ್ನೂ ಬಂದಿಲ್ಲ.

ಮಧ್ಯಾಹ್ನ ಅಧಿಕಾರಿ ಕೊಟ್ಟ ನಂಬರಿಗೆ ಫೋನ್ ಮಾಡಿ ಆ ಕಾರ್ಯಕರ್ತೆಯನ್ನು ಹಿಡಿದೆ. ಅವರ ಹಿಂದಿ ನನ್ನದಕ್ಕಿಂತ ಕೆಟ್ಟದಾಗಿತ್ತು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಪೆಟ್ಟಿಗೆಯಿಂದ ನೋಟ್‌ಬುಕ್ ತೆಗೆದು ಒಂದೊಂದೇ ವಾರದ ರೋಗಿಗಳ ಲೆಕ್ಕ ಓದಿದರು. ಪ್ರತಿ ಸಲ "ಬರೆದಿರಾ? ತಿರುಗಿ ಹೇಳಿ" ಎಂದರು. ಒಂದು ವಾರ ತಪ್ಪಿ ಹೇಳಿದ್ದಕ್ಕೆ ಮೊದಲಿನಿಂದ ಹೇಳಿಸಿದರು.

ಗುರುವಾರ ಹೊಸ ನಕ್ಷೆಯಲ್ಲಿ ಕೆಂಪು ಬಣ್ಣ ಯಾರನ್ನೂ ಕೇಳದೆ ನದಿ ದಾಟಿತು. ಐದೂ ಹಳ್ಳಿ ಸೊಳ್ಳೆಪರದೆಯ ಪಟ್ಟಿಗೆ ಸೇರಿದವು. ಸುದ್ದಿ ಹೇಳಲು ನಾನೇ ಕಾರ್ಯಕರ್ತೆಗೆ ಫೋನ್ ಮಾಡಿ, ಹೊಗಳಿಕೆಗೆ ಕಾದೆ.

"ಇಬ್ಬರು ಕಾಲು ಚಾಚಿ ಮಲಗುವಷ್ಟು ದೊಡ್ಡ ಪರದೆ ಕಳಿಸಿ," ಎಂದರು. "ಹೋದ ಸಲದವು ಗಿಡ್ಡ. ಎಲ್ಲರ ಕಾಲೂ ಹೊರಗೇ ಇರುತ್ತಿತ್ತು. ಸೊಳ್ಳೆಗೆ ಅಷ್ಟು ಸಾಕು. ಇದನ್ನೂ ನಿಮ್ಮ ನಕ್ಷೆಯಲ್ಲಿ ಬರೆದುಕೊಳ್ಳಿ."

ನಕ್ಷೆಯಲ್ಲಿ ಕಾಲಿಗೆ ಜಾಗವಿರಲಿಲ್ಲ. ಎದ್ದು ಹೋಗಿ, ಪರದೆಯ ಅಳತೆ ಬದಲಿಸಲು ಯಾರಿಗೆ ಬರೆಯಬೇಕು ಎಂದು ಮೇಡಂ ಅವರನ್ನು ಕೇಳಿದೆ.